ಹೊಗೆ ನೋಡಿ ಹೇಳಿದ ಜಾತಕ

ಸೋದರಮಾವನ ಪ್ರೀಮಿಯರ್ ಪದ್ಮಿನಿ ಬೆಳಗ್ಗೆ ಸ್ಟಾರ್ಟ್ ಆದ ಕೂಡಲೇ ಒಂದು ಗುಕ್ಕು ನೀಲಿ ಹೊಗೆ ಬಿಡುತ್ತಿತ್ತು. ಆಮೇಲೆ ದಿನವಿಡೀ ಸುದ್ದಿಯಿಲ್ಲ. ಮೆಕ್ಯಾನಿಕ್ ಒಬ್ಬರು ಸೈಲೆನ್ಸರ್ ಹಿಂದೆ ಕುಕ್ಕರಗಾಲಲ್ಲಿ ಕೂತು, ಹೊಗೆಗೆ ಅಂಗೈ ಒಡ್ಡಿ, ಮೂಸಿ, ತೀರ್ಪು ಕೊಟ್ಟೇಬಿಟ್ಟರು: "ಇಂಜಿನ್ ಬೋರಿಗೆ ಬಂದದ ಕಾಕಾ, ಬಿಚ್ಚೋದೇ ಇನ್ನ." ಅವರ ಬೆನ್ನ ಹಿಂದೆ ಆರ್‌ಟಿಪಿಎಸ್, ಅಂದರೆ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು ನಿಂತಿದ್ದವು. 1985ರಲ್ಲಿ ಮೊದಲ ಘಟಕ ಶುರುವಾಗಿ ಇಂದು ಎಂಟು ಘಟಕ, 1720 ಮೆಗಾವ್ಯಾಟ್‌ಗೆ ಬೆಳೆದ ಸ್ಥಾವರ ಅದು. ಅದಿರುವ ನಮ್ಮ ಶಕ್ತಿನಗರದವರಿಗೆ ಹೊಗೆ ನೋಡುವುದನ್ನು ಯಾರೂ ಕಲಿಸಬೇಕಿಲ್ಲ.

ಅಂಬಾಸಿಡರ್, ಪದ್ಮಿನಿ, ಹಳೆಯ ಮಾರುತಿ 800. ಈ ಕಾರ್ಬೊರೇಟರ್ ಗಾಡಿಗಳ ಕಾಯಿಲೆಯನ್ನು ಹೊಗೆಯ ಬಣ್ಣದಲ್ಲಿ ಓದುವ ವಿದ್ಯೆ ನಮ್ಮ ಗ್ಯಾರೇಜುಗಳಲ್ಲಿ ಬಾಯಿಂದ ಬಾಯಿಗೆ ಬಂದದ್ದು. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲ್ ಹೆಚ್ಚು, ಬಿಳಿಯಾದರೆ ನೀರು. ಸೂತ್ರದಲ್ಲಿ ತಪ್ಪಿಲ್ಲ. ಗೇಜು, ಮೀಟರು ಏನೂ ಇಲ್ಲದೆ ಅರ್ಧ ನಿಮಿಷದಲ್ಲಿ ಇಷ್ಟು ಹೇಳುವ ವಿದ್ಯೆಯ ಬಗ್ಗೆ ನನಗೆ ಗೌರವವೇ ಇದೆ. ನನ್ನ ತಕರಾರು ಅದರ ಅವಸರದ ಮೇಲೆ. ಬಣ್ಣ ಕಂಡೊಡನೆ ಸ್ಪ್ಯಾನರ್ ಕೈಗೆ ಬರುತ್ತದೆ. ಆ ಹೊಗೆ ಯಾವಾಗ ಬಂತು ಎಂದು ಕೇಳುವವರು ಕಡಿಮೆ.

ನೀಲಿಯನ್ನೇ ತೆಗೆದುಕೊಳ್ಳಿ. ರಾತ್ರಿ ನಿಂತ ಗಾಡಿಯಲ್ಲಿ, ಸವೆದ ವಾಲ್ವ್ ಗೈಡ್ ಸಂದಿನಿಂದ ಆಯಿಲ್ ಹನಿಹನಿಯಾಗಿ ಇಳಿದು ಕೂತಿರುತ್ತದೆ. ಬೆಳಗ್ಗೆ ಅದು ಉರಿದು ಒಂದು ಗುಕ್ಕು ಹೊಗೆಯಾಗಿ ಮುಗಿಯುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು, ಕೆಳಗೆ ಮತ್ತೆ ಒತ್ತಿದಾಗ ನೀಲಿ ಕಂಡರೂ ಅನುಮಾನ ಗೈಡ್ ಮೇಲೆಯೇ, ಏಕೆಂದರೆ ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡಿನ ಎಳೆತ ಜೋರಾಗಿ ಆಯಿಲನ್ನು ಒಳಗೆ ಹೀರುತ್ತದೆ. ಲೋಡ್ ಎಳೆಯುವಾಗ ಬಿಡದೆ ನೀಲಿ ಬಂದರೆ ಮಾತ್ರ ರಿಂಗು, ಬೋರು. ಖಚಿತ ಮಾಡಿಕೊಳ್ಳಲು ಅಂಥ ಖರ್ಚೂ ಇಲ್ಲ. ಪ್ಲಗ್ ಬಿಚ್ಚಿ ಕಂಪ್ರೆಶನ್ ಗೇಜ್ ಹಾಕಿ ನೋಡುವುದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡುವುದು. ಮುಳ್ಳು ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ಸೋರಿಕೆ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಇದೆ. ಎಲ್ಲ ಸಿಲಿಂಡರೂ ಮೊದಲೇ ಸರಿಯಾಗಿ ತೋರಿಸಿ ಬೆಳಗಿನ ಹೊಗೆಯಷ್ಟೇ ಉಳಿದರೆ ಬೋರಿನ ಮಾತೇ ಬೇಡ. ಇನ್ನು ಡಿಪ್‌ಸ್ಟಿಕ್ಕಿನ ಮೇಲ್ಗೆರೆ ದಾಟಿ ಆಯಿಲ್ ತುಂಬಿಸಿ ಹೊಗೆ ತರಿಸಿಕೊಂಡ ಪುಣ್ಯಾತ್ಮರೂ ಇದ್ದಾರೆ.

ಕಪ್ಪು ಹೊಗೆ ಎಂದರೆ ಎಲ್ಲರೂ ಕಾರ್ಬೊರೇಟರ್ ಬಿಚ್ಚುತ್ತಾರೆ. ಸಿಕ್ಕಿಕೊಂಡ ಚೋಕ್, ಕೂರದ ನೀಡಲ್ ವಾಲ್ವ್, ತೂತು ಬಿದ್ದು ಮುಳುಗಿದ ಫ್ಲೋಟ್, ಇವೆಲ್ಲ ಕಾರಣಗಳೇ. ನಮ್ಮೂರಲ್ಲಿ ನಾನು ಮೊದಲು ಏರ್ ಫಿಲ್ಟರ್ ತೆಗೆಸುತ್ತೇನೆ. ಹಾರುಬೂದಿ ಟವಲ್ಲಿನ ಮೇಲೂ ಕೂರುವ ಊರಿದು. ಫಿಲ್ಟರನ್ನು ನೆಲಕ್ಕೆ ಬಡಿದರೆ ಸಿಮೆಂಟ್ ಚೀಲ ಕೊಡವಿದಂತೆ ಬೂದು ಧೂಳು. ಗಾಳಿಯ ದಾರಿ ಕಟ್ಟಿದರೆ ಮಿಶ್ರಣದಲ್ಲಿ ಪೆಟ್ರೋಲೇ ಹೆಚ್ಚಾಗುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ. ಅದನ್ನು ನೋಡದೆ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿಟ್ಟರೆ, ಮುಂದೊಂದು ದಿನ ಫಿಲ್ಟರ್ ಬದಲಿಸಿದಾಗ ಗಾಡಿ ಕೆಮ್ಮತೊಡಗುತ್ತದೆ. ಫಿಲ್ಟರ್ ಹರಿದಿದ್ದರಂತೂ ಅದೇ ಬೂದಿ ಒಳಹೊಕ್ಕು ಬೋರನ್ನು ಉಜ್ಜುತ್ತದೆ. ಇಂದಿನ ಧೂಳು ನಾಳಿನ ನೀಲಿ ಹೊಗೆ.

ಬಿಳಿ ಹೊಗೆಯ ವಿಷಯದಲ್ಲಿ ಈ ಸೂತ್ರ ನಮ್ಮ ಬಿಸಿಲಿಗೆ ಒಗ್ಗುವುದೇ ಇಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಕೃಷ್ಣೆಯ ದಂಡೆಯಲ್ಲಿ ಆ ಹಬೆ ಕಂಡು ಗಾಬರಿಯಾಗಬೇಕಿಲ್ಲ. ಮೇ ತಿಂಗಳ 42 ಡಿಗ್ರಿಯಲ್ಲಿ ಗ್ಯಾಸ್ಕೆಟ್ ಸೀಳಿ ನೀರು ಒಳಗಿಳಿಯುತ್ತಿದ್ದರೂ ಹಬೆ ಸೈಲೆನ್ಸರ್ ದಾಟಿದೊಡನೆ ಬಿಸಿಲಲ್ಲಿ ಕರಗಿಹೋಗಬಹುದು. ಕೂಲಂಟಿನ ಸಿಹಿ ವಾಸನೆ ಹಿಡಿಯಿರಿ ಎಂಬ ಪುಸ್ತಕದ ಉಪಾಯವೂ ನಡೆಯದು, ನಮ್ಮ ಹಳೆಯ ಗಾಡಿಗಳ ರೇಡಿಯೇಟರಿಗೆ ಹೋಗುವುದು ಕೊಡದ ನೀರು. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಇಂಜಿನ್ ಶುರು ಮಾಡಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಆಯಿಲ್ ಮುಚ್ಚಳದ ಒಳಬದಿಗೆ ಹಾಲು ಹೆಚ್ಚಾದ ಚಹಾದಂಥ ಲೇಪ ಇದೆಯೇ ನೋಡಬೇಕು.

ಹೊಗೆಯೇ ಬಾರದ ಕಾಯಿಲೆಯ ಬಗ್ಗೆ ಈ ವಿದ್ಯೆ ಬಾಯಿ ಬಿಡುವುದಿಲ್ಲ. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಜೆಟ್ಟುಗಳಲ್ಲಿ ಅದು ಮಿಶ್ರಣವನ್ನು ತೆಳು ಮಾಡುತ್ತದೆ. ಸೈಲೆನ್ಸರ್ ತುದಿ ಸ್ವಚ್ಛ, ಮಾಲೀಕನಿಗೆ ಖುಷಿ. ಪ್ಲಗ್ ತೆಗೆದರೆ ಸುಣ್ಣ ಹಚ್ಚಿದ ಹಾಗೆ ಬೆಳ್ಳಗೆ, ಇಂಜಿನ್ ಕಾದು ಕೂತಿರುತ್ತದೆ.

ಮಾವನ ಗಾಡಿಗೆ ಬೋರ್ ಹೊಡೆಸಿದ್ದಾಯಿತು, ಓವರ್‌ಸೈಜ್ ಪಿಸ್ಟನ್ ಬಂತು, ವಾಲ್ವ್ ಗ್ರೈಂಡಿಂಗೂ ಆಯಿತು. ಹೆಡ್ ಬಿಚ್ಚಿ ಮುಂದಿಟ್ಟುಕೊಂಡಿದ್ದರೂ ಗೈಡ್ ಬದಲಿಸುವುದು ಯಾರಿಗೂ ಹೊಳೆಯಲಿಲ್ಲ. ಗಾಡಿ ಮನೆಗೆ ಬಂದ ಮರುದಿನ ಬೆಳಗ್ಗೆ ಮಾವ ಕೀಲಿ ತಿರುಗಿಸಿದ. ಅತ್ತೆ ಅಂಗಳದಲ್ಲಿ ನೀರು ಚಿಮುಕಿಸುತ್ತಿದ್ದವಳು ಸೆರಗು ಮೂಗಿಗೆ ಹಿಡಿದು, "ಅದೇ ಹೊಗಿ ಅಲ್ಲೇನ್ರಿ ಇದು?" ಎಂದಳು.