ನಡುಗಿತು, ನಡುಗಿತಂತೆ, ನಡುಗಿರಬೇಕು: ಕನ್ನಡ ವಿಜ್ಞಾನ ಗದ್ಯದ ಕ್ರಿಯಾಪದ

ಕನ್ನಡದಲ್ಲಿ ವಿಜ್ಞಾನ ಬರವಣಿಗೆಯ ಚರ್ಚೆ ನೂರು ವರ್ಷಗಳಿಂದ ಬಹುಮಟ್ಟಿಗೆ ನಾಮಪದಗಳ ಚರ್ಚೆಯಾಗಿಯೇ ನಡೆದುಬಂದಿದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶಯ್ಯಂಗಾರ್ ಅವರು ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದ ಕಾಲದಲ್ಲೂ, ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದ ಕಾಲದಲ್ಲೂ ಪಾರಿಭಾಷಿಕ ಪದವನ್ನು ಸಂಸ್ಕೃತದಿಂದ ತರಬೇಕೆ, ಇಂಗ್ಲಿಷಿನದನ್ನೇ ಉಳಿಸಿಕೊಳ್ಳಬೇಕೆ, ದೇಸಿ ಮಾತಿನಲ್ಲಿ ಕಟ್ಟಬೇಕೆ ಎಂಬ ಪ್ರಶ್ನೆ ಕಾಡಿದೆ. ಆ ದುಡಿಮೆಯ ಋಣ ದೊಡ್ಡದು. ಆದರೆ ಒಂದು ಹೇಳಿಕೆಗೆ ಆಧಾರವೇನು ಎಂಬುದನ್ನು ಕನ್ನಡ ವಾಕ್ಯವು ನಾಮಪದದಲ್ಲಿ ಹೇಳುವುದಿಲ್ಲ, ಕ್ರಿಯಾಪದದಲ್ಲಿ ಹೇಳುತ್ತದೆ.

‘ನೆಲ ನಡುಗಿತು’ ಎಂದವನು ತಾನೇ ಕಂಡವನು. ‘ನಡುಗಿತಂತೆ’ ಎಂದವನು ಕೇಳಿದವನು. ಉತ್ತರದ ಆಡುಮಾತಿನಲ್ಲಿ ಇದು ‘ನಡುಗಿತಂತ’. ‘ನಡುಗಿರಬೇಕು’ ಎಂದವನು ಬಿರುಕು ನೋಡಿ ಊಹಿಸಿದವನು. ಪ್ರತ್ಯಕ್ಷ, ಶಬ್ದ, ಅನುಮಾನ ಎಂದು ಶಾಸ್ತ್ರ ಓದದವರೂ ದಿನವೂ ಮಾಡುವ ವಿಂಗಡಣೆ ಇದು. ಗಡಿಯ ದ್ವಿಭಾಷಿಕನಿಗೆ ಮರಾಠಿಯ ‘ಮ್ಹಣೆ’, ‘ಅಸಾವಾ’ಗಳೂ ಇದೇ ಕೆಲಸಕ್ಕೆ ಒದಗುತ್ತವೆ. (ನಮ್ಮ ‘ಪುರಾವೆ’ಯೂ ಮರಾಠಿಯ ‘ಪುರಾವಾ’ದ ಬಂಧುವೇ.) ಕನ್ನಡದ ಜನಪ್ರಿಯ ವಿಜ್ಞಾನ ಗದ್ಯವೋ ‘ಅಂತೆ’ಯನ್ನು ಗಾಳಿಮಾತೆಂದು ಹೊರಹಾಕಿ, ಆ ಜಾಗದಲ್ಲಿ ‘ತಿಳಿದುಬಂದಿದೆ’ ಎಂಬುದನ್ನು ಕೂರಿಸಿತು. ಯಾರಿಗೆ, ಹೇಗೆ ತಿಳಿದುಬಂತು ಎಂದು ಕೇಳಲು ಈ ಕ್ರಿಯಾಪದ ಎಡೆಗೊಡುವುದಿಲ್ಲ.

ಇದು ಕೇವಲ ಶೈಲಿಯ ತಕರಾರಲ್ಲವೆಂಬುದಕ್ಕೆ ಸಾಸ್ತೂರನ್ನು ನೋಡಬೇಕು. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಸುಮಾರು 6.2 ಪ್ರಮಾಣದ ಭೂಕಂಪವು ಕಿಲ್ಲಾರಿಯನ್ನೂ ಆಗ ಉಮರಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರನ್ನೂ ಸುತ್ತಲಿನ ಊರುಗಳನ್ನೂ ಕೆಡವಿತು. ಸತ್ತವರ ಎಣಿಕೆ ಮೂಲದಿಂದ ಮೂಲಕ್ಕೆ ಎಂಟು ಸಾವಿರದ ಆಸುಪಾಸಿನಿಂದ ಹತ್ತು ಸಾವಿರದ ಆಸುಪಾಸಿನವರೆಗೆ ಬದಲಾಗುತ್ತದೆ.

ಹಿಂದಿನ ವರ್ಷವೇ, 1992ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಕಿಲ್ಲಾರಿಯ ಸುತ್ತ ನೆಲ ಮತ್ತೆ ಮತ್ತೆ ನಡುಗಿತ್ತು. ಅದು ಜನರ ‘ನಡುಗಿತು’. ಆಗ ಜಾರಿಯಲ್ಲಿದ್ದ ಭೂಕಂಪ ವಲಯ ನಕ್ಷೆಯಾದರೋ ಈ ಭಾಗವನ್ನು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿಟ್ಟಿತ್ತು. ನಕ್ಷೆಗೆ ಆಧಾರವಾದದ್ದು ಗೊತ್ತಿದ್ದ ಹಳೆಯ ಕಂಪನಗಳ ದಾಖಲೆ ಹಾಗೂ ಭೂರಚನೆಯ ತಿಳಿವಳಿಕೆ. ಅಂದರೆ ಅದರ ನಿಜವಾದ ಕ್ರಿಯಾಪದ ‘ಅಪಾಯ ಕಡಿಮೆ ಇರಬೇಕು’ ಎಂಬುದು. ಓದುಗನನ್ನು ತಲುಪುವಷ್ಟರಲ್ಲಿ ಅದು ‘ಕಡಿಮೆ ಇದೆ’ ಆಗಿತ್ತು. ದಾಖಲೆಯಲ್ಲಿ ಇಲ್ಲದ್ದು ನೆಲದಲ್ಲೂ ಇಲ್ಲವೆಂದಾಯಿತು. 2002ರಲ್ಲಿ ಒಂದನೆಯ ವಲಯವನ್ನೇ ಕೈಬಿಟ್ಟರು. ಕಿಲ್ಲಾರಿ ಪರಿಸರ ಮೂರನೆಯ ವಲಯಕ್ಕೆ ಸೇರಿತು. ಹಾಗೆಂದು ಹಳ್ಳಿಗರು ಮುಂಗಂಡಿದ್ದರು, ವಿಜ್ಞಾನಿಗಳು ಕುರುಡಾಗಿದ್ದರು ಎಂಬ ಸುಲಭದ ಕಥೆಯನ್ನು ನಾನು ಒಪ್ಪಲಾರೆ. ಇಂಥ ಸಣ್ಣ ನಡುಕಗಳ ಸರಣಿಗಳು ಹೆಚ್ಚಿನ ಕಡೆ ಏನೂ ಆಗದೆ ಅಡಗುತ್ತವೆ. 1992ರಿಂದ 1993ನ್ನು ಯಾರೂ ಗಣಿಸಿ ಹೇಳಲಾಗುತ್ತಿರಲಿಲ್ಲ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಆಮೇಲಿನ ಸಂಗತಿ. ಬದುಕುಳಿದವರು ಕಣ್ಣಾರೆ ಕಂಡದ್ದು ಕಲ್ಲಿನ ಮನೆ ಕೊಂದದ್ದನ್ನು. ಕಲ್ಲು ಬೇಡ, ಕಾಂಕ್ರೀಟೇ ಬೇಕು ಎಂಬ ತೀರ್ಮಾನ ಅಲ್ಲಿಂದ ಹುಟ್ಟಿತು. ‘ಕಂಡೆ’ ಎಂಬುದು ಅತ್ಯಂತ ಬಲವಾದ ಪುರಾವೆಯೆಂದು ನಂಬುವ ನಮಗೆ ಇದು ಕಠಿಣವಾದ ಪಾಠ. ಕಂಡದ್ದು ಗೋಡೆ ಬಿದ್ದದ್ದು. ಕಲ್ಲೇ ಕಾರಣ ಎಂಬುದು ಊಹೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಗೋಡೆಗೆ ಒಳಮುಖ ಹೊರಮುಖಗಳೆರಡನ್ನೂ ಹಿಡಿದಿಡುವ ಉದ್ದಗಲ್ಲುಗಳಿರಲಿಲ್ಲ. ಮೂಲೆಗಳಲ್ಲಿ ಬಿಗಿ ಇರಲಿಲ್ಲ. ಮೇಲೆ ಮಳೆ ಬಿಸಿಲು ತಡೆಯಲೆಂದು ಪದರ ಪದರವಾಗಿ ಹಾಕಿದ ಮಣ್ಣಿನ ಮಾಳಿಗೆಯ ಭಾರ. ಕಟ್ಟಿಗೆಯ ಕಂಬ ತೊಲೆಗಳು ಗಟ್ಟಿಯಾಗಿದ್ದ ಕೆಲವೆಡೆ ಗೋಡೆ ಉರುಳಿದರೂ ಮಾಳಿಗೆ ನಿಂತದ್ದುಂಟು. ವಿಶ್ವಬ್ಯಾಂಕಿನ ನೆರವಿನ ಪುನರ್ವಸತಿಯಲ್ಲಿ 52 ಊರುಗಳನ್ನು ಬೇರೆಡೆ ಕಟ್ಟಲಾಯಿತು. ಉಳಿದೆಡೆ ಇದ್ದ ಮನೆಗಳನ್ನು ಬಲಪಡಿಸಲು ಕೊಟ್ಟ ಹಣದಲ್ಲಿ ಅನೇಕರು ಹಳೆಯ ಗೋಡೆಯನ್ನು ಹಾಗೆಯೇ ಬಿಟ್ಟು ಪಕ್ಕದಲ್ಲೊಂದು ಹೊಸ ಕೋಣೆ ಕಟ್ಟಿಕೊಂಡರು. ಕಾಂಕ್ರೀಟೂ ಕೆಟ್ಟ ಕೆಲಸದಿಂದ ಕೊಲ್ಲಬಲ್ಲದೆಂಬುದು ಮುಂದೆ 2001ರಲ್ಲಿ ಭುಜ್, ಅಹಮದಾಬಾದ್‌ಗಳಲ್ಲಿ ಗೊತ್ತಾಯಿತು.

ನಮ್ಮ ವೈಚಾರಿಕ ಪರಂಪರೆ ಇಂಥ ತಪ್ಪಿಗೆ ಸಿದ್ಧವಾಗಿರಲಿಲ್ಲವೆಂದೇ ನನ್ನ ಅನಿಸಿಕೆ. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದರು. ಗಡಿಯಾಚೆ ನರೇಂದ್ರ ದಾಭೋಲ್ಕರರು ಅಂಧಶ್ರದ್ಧೆಯ ವಿರುದ್ಧ ಸಂಘಟನೆ ಕಟ್ಟಿ, 2013ರಲ್ಲಿ ಪುಣೆಯಲ್ಲಿ ಗುಂಡಿಗೆ ಬಲಿಯಾದರು. ಅವರ ಧೈರ್ಯ ಪ್ರಶ್ನಾತೀತ. ಆದರೆ ಅಲ್ಲಿ ಎದುರಾಳಿ ಬಾಬಾ. ಸಾಸ್ತೂರಿನಲ್ಲಿ ಬಾಬಾ ಇಲ್ಲ. ಇಲ್ಲಿ ತಪ್ಪಿದ್ದು ಅಧಿಕೃತ ನಕ್ಷೆ, ಹಾಗೂ ದುಃಖದಲ್ಲಿದ್ದವರ ಪ್ರಾಮಾಣಿಕ ಕಣ್ಣು.

ಮಾಕಣಿಯ ಬಳಿಯ ತೇರಣಾ ಜಲಾಶಯದ ನೀರು ಈ ಭೂಕಂಪವನ್ನು ಪ್ರಚೋದಿಸಿತೇ ಎಂಬುದು ಇನ್ನೂ ವಿವಾದದಲ್ಲಿದೆ. 1967ರ ಕೊಯ್ನಾ ಭೂಕಂಪಕ್ಕೆ ಜಲಾಶಯದ ಸಂಬಂಧವನ್ನು ವಿಜ್ಞಾನಿಗಳು ವ್ಯಾಪಕವಾಗಿ ಒಪ್ಪಿದ್ದಾರೆ. ತೇರಣೆಯದು ಅಷ್ಟು ಗಟ್ಟಿಯಾಗಿಲ್ಲ. ಕನ್ನಡದಲ್ಲಿ ಇದನ್ನು ಬರೆಯುವವನಿಗೆ ಕೊಯ್ನಾಕ್ಕೊಂದು, ತೇರಣೆಗೊಂದು ಕ್ರಿಯಾಪದ ಬೇಕು. ‘ಕಾರಣವಾಯಿತು’, ‘ಕಾರಣವಾಗಿರಬಹುದು’: ಎರಡೂ ಭಾಷೆಯಲ್ಲಿ ಸಿದ್ಧವಾಗಿವೆ. ಎರಡಕ್ಕೂ ‘ತಿಳಿದುಬಂದಿದೆ’ ಎಂದು ಬರೆದರೆ ಸಾಸ್ತೂರಿನ ಓದುಗ ತನ್ನ ಮನೆಮಾತಿನಲ್ಲಿ ದಿನವೂ ಮಾಡುವ ವ್ಯತ್ಯಾಸವನ್ನು ಪುಸ್ತಕ ತೆರೆದಾಗ ಬಿಟ್ಟುಕೊಡಬೇಕಾಗುತ್ತದೆ.