19 ಬೈಟುಗಳ ಸೊಗಸು

ಡಾಸ್‌ನಲ್ಲಿ ಡೀಬಗ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಸ್ವಾಗತದ ಮಾತಿಲ್ಲ, ಮೆನುವಿಲ್ಲ. ಕಪ್ಪು ಪರದೆಯ ಎಡ ಅಂಚಿನಲ್ಲಿ ಒಂದು ಪುಟ್ಟ ಅಡ್ಡಗೆರೆ, ಅದರ ಪಕ್ಕದಲ್ಲಿ ಮಿನುಗುವ ಕರ್ಸರ್, ಅಷ್ಟೇ. ಈ ಮಿತಭಾಷಿಯ ಸಹವಾಸ ಇಷ್ಟು ವರ್ಷವಾದರೂ ನನಗೆ ಬೇಸರ ತಂದಿಲ್ಲ. ಒಂದೊಂದು ಕೆಲಸಕ್ಕೆ ಒಂದೊಂದೇ ಅಕ್ಷರ: ನೋಡುವುದಕ್ಕೆ ಡಿ, ತಿದ್ದುವುದಕ್ಕೆ ಇ, ಓಡಿಸುವುದಕ್ಕೆ ಜಿ. ಅದರಲ್ಲೂ ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಇಳಿಸುವ ಡಬ್ಲ್ಯು ಇದೆಯಲ್ಲ, ಅದರ ರುಚಿಯೇ ಬೇರೆ.

ಟಿಮ್ ಪ್ಯಾಟರ್ಸನ್ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ನಲ್ಲಿದ್ದಾಗ 8086 ಬೋರ್ಡಿಗೆಂದು ಬರೆದ ಮಾನಿಟರ್ ಪ್ರೋಗ್ರಾಮಿನ ಸಂತಾನ ಇದು. ಅವರ 86-ಡಾಸ್ 1981ರಲ್ಲಿ ಮೈಕ್ರೋಸಾಫ್ಟಿನ ಪಾಲಾದಾಗ ಡೀಬಗ್ ಕೂಡ ಜೊತೆಯಲ್ಲೇ ಬಂತು. ಬೋರ್ಡಿನ ಮುಂದೆ ಕೂತು ಬೈಟು ಬೈಟನ್ನೂ ಕಣ್ಣಾರೆ ನೋಡಬೇಕಾಗಿದ್ದ ಕುಶಲಿಯ ಹತಾರ ಇದು ಎಂಬುದು ಒಂದೇ ಗಳಿಗೆಯ ಬಳಕೆಯಲ್ಲಿ ತಿಳಿದುಬಿಡುತ್ತದೆ.

ಬನ್ನಿ, ಪುಟ್ಟದೊಂದನ್ನು ಮಾಡಿ ನೋಡೋಣ. ಎ 100 ಎಂದು ಕೊಟ್ಟು ನಾಲ್ಕೇ ನಾಲ್ಕು ಆಜ್ಞೆಗಳ ಪ್ರೋಗ್ರಾಮು ಬರೆಯುತ್ತೇನೆ. ಅದರ ಬಾಲಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿ ‘ನಮಸ್ಕಾರ’, ಕೊನೆಗೆ ಡಾಲರ್ ಚಿಹ್ನೆ. 100ರಿಂದಲೇ ಯಾಕೆ? ಮೊದಲ 256 ಬೈಟುಗಳನ್ನು ಡಾಸ್ ತನ್ನ ಲೆಕ್ಕಪತ್ರಕ್ಕೆಂದು ಇಟ್ಟುಕೊಳ್ಳುತ್ತದೆ. ಹದಿನಾರರ ಎಣಿಕೆಯಲ್ಲಿ 256 ಅಂದರೆ 100. ಜಗಲಿ ದಾಟಿದ ಮೇಲೆ ನಡುಮನೆ ಸಿಗುವ ಹಾಗೆ ಪ್ರೋಗ್ರಾಮು ಅಲ್ಲಿಂದ ಶುರುವಾಗುತ್ತದೆ.

ಡಿ ಕೊಟ್ಟರೆ ಅದೇ ಪ್ರೋಗ್ರಾಮು ನೇಯ್ದ ಬಟ್ಟೆಯಂತೆ ಹರಡಿಕೊಳ್ಳುತ್ತದೆ. ಸಾಲಿಗೆ 16 ಬೈಟು, ಎಂಟರ ನಂತರ ಉಸಿರು ತೆಗೆದುಕೊಳ್ಳಲು ಒಂದು ಕಿರುಗೆರೆ, ಬಲಬದಿಯಲ್ಲಿ ಅಕ್ಷರರೂಪ. ಎರಡನೆಯ ಸಾಲಿನ ತಲೆಯಲ್ಲಿ 52 41 24. ಬಲಕ್ಕೆ ಕಣ್ಣು ಹೊರಳಿಸಿದರೆ ಆರ್, ಎ, ಡಾಲರ್: ನನ್ನ ನಮಸ್ಕಾರದ ಕೊನೆಯ ತುಣುಕು. ಆದರೆ ಇದಿನ್ನೂ ನೀರಿನ ಮೇಲಿನ ಬರಹ. ಈಗ ಕರೆಂಟು ಹೋದರೆ ಗುರುತೂ ಉಳಿಯದು.

ಉಳಿಸುವ ಮುಂಚೆ ಡೀಬಗ್ ಎರಡು ಸಂಗತಿ ಬಯಸುತ್ತದೆ. ಮೊದಲನೆಯದು ಹೆಸರು. ಎನ್ ಅಕ್ಷರ, ಮುಂದೆ ಫೈಲಿನ ಹೆಸರು. ಅದು ಮರುಮಾತಾಡುವುದಿಲ್ಲ, ಮತ್ತೆ ಅಡ್ಡಗೆರೆ ತೋರಿಸಿ ಕಾಯುತ್ತದೆ. ಎರಡನೆಯದು ಅಳತೆ, ನನ್ನ ಪ್ರೀತಿಯೆಲ್ಲ ಇರುವುದು ಇಲ್ಲಿ. ಎಷ್ಟು ಬೈಟು ಬರೆಯಬೇಕು ಎಂಬುದನ್ನು ನಾವೇ ಎಣಿಸಿ ಹೇಳಬೇಕು. ಪ್ರೋಗ್ರಾಮು ಮುಗಿದಾಗ ಮುಂದಿನ ವಿಳಾಸ 0113 ಎಂದು ಕಂಡಿತ್ತು. ಎಚ್ 113 100 ಎಂದರೆ ಡೀಬಗ್ ಕೂಡಿದ್ದನ್ನೂ ಕಳೆದದ್ದನ್ನೂ ಅಕ್ಕಪಕ್ಕದಲ್ಲಿ ಇಟ್ಟುಕೊಡುತ್ತದೆ: 0213, 0013. ಎರಡನೆಯದು ನಮಗೆ ಬೇಕಾದ್ದು. ಈ 13 ಹದಿಮೂರಲ್ಲ, ನಮ್ಮ ಲೆಕ್ಕದ ಹತ್ತೊಂಬತ್ತು. ಆರ್ ಸಿಎಕ್ಸ್ ಕೊಟ್ಟರೆ ಸಿಎಕ್ಸ್ ರಿಜಿಸ್ಟರಿನ ಸೊನ್ನೆಗಳು ಕಾಣುತ್ತವೆ, ಕೆಳಗಿನ ಸಾಲಿನಲ್ಲಿ ಎರಡು ಚುಕ್ಕೆ ಬಾಯ್ದೆರೆದು ಕೂರುತ್ತವೆ. ಅಲ್ಲಿ 13 ತುಂಬುತ್ತೇನೆ. ಅಕ್ಕಿ ಅಳೆಯುವವರು ಸೇರಿನ ಮೇಲೆ ಕೈಯಾಡಿಸಿ ಸಮ ಮಾಡುವಾಗಿನ ನೆಮ್ಮದಿ ಆಗ ನನ್ನ ಬೆರಳುಗಳಿಗೆ ಸಿಗುತ್ತದೆ.

ಬಿಎಕ್ಸನ್ನೂ ಒಮ್ಮೆ ನೋಡಿಕೊಳ್ಳಿ. ಅಳತೆಯ ಮೇಲಿನ ಅರ್ಧ ಅಲ್ಲಿರುತ್ತದೆ. ಪ್ರೋಗ್ರಾಮನ್ನು ಓಡಿಸಿದ ಮೇಲೆ ಅಲ್ಲಿ ಒಂದೇ ಒಂದು ಉಳಿದುಬಿಟ್ಟಿದ್ದರೂ ನಮ್ಮ 19ರ ಜೊತೆಗೆ 65,536 ಬೈಟು ಸೇರಿಕೊಳ್ಳುತ್ತದೆ.

ಇನ್ನು ಡಬ್ಲ್ಯು. ಒಂದು ಅಕ್ಷರ, ಒಂದು ಎಂಟರ್. ಫ್ಲಾಪಿ ಡ್ರೈವಿನ ಕೆಂಪು ದೀಪ ಹತ್ತುತ್ತದೆ, ತಟ್ಟೆ ತಿರುಗುವ ಮೃದು ಗುಂಯ್‌ಕಾರ ಏಳುತ್ತದೆ, ಅದರೊಳಗಿಂದ ತಲೆ ಸರಿಯುವ ಸಣ್ಣ ಕರಕರ ಸದ್ದು. ಪರದೆಯ ಮೇಲೆ ಒಂದೇ ಸಾಲು: 00013 ಬೈಟು ಬರೆಯುತ್ತಿದ್ದೇನೆ. ದೀಪ ಆರುತ್ತದೆ. ಆ ಮೌನದಲ್ಲಿ ಎರಡು ಗಳಿಗೆ ಸುಮ್ಮನೆ ಕೂತಿರಿ. ಆಗಷ್ಟೇ ವಿದ್ಯುತ್ತಿನ ದಯೆಯಲ್ಲಿದ್ದ ನಮಸ್ಕಾರ ಈಗ ಕಾಂತದ ಕಣಗಳಲ್ಲಿ ಮಲಗಿದೆ. 360 ಕೆಬಿಯ ಫ್ಲಾಪಿಯಲ್ಲಿ ಈ 19 ಬೈಟಿಗೆ 1,024 ಬೈಟಿನ ಜಾಗ ಮೀಸಲಾಗುತ್ತದೆ. ಚಿಕ್ಕ ಮೂಗುತಿಗೆ ದೊಡ್ಡ ಮಖಮಲ್ ಡಬ್ಬಿ ಕೊಟ್ಟ ಹಾಗೆ.

ಪ್ರೋಗ್ರಾಮನ್ನೇ ಉಳಿಸಬೇಕೆಂದಿಲ್ಲ. ಮೆಮೊರಿಯ ಯಾವ ಮೂಲೆಯನ್ನಾದರೂ ಎತ್ತಿಡಬಹುದು. ನನಗೆ ಅತಿ ಪ್ರಿಯವಾದದ್ದು ಬಣ್ಣದ ಮಾನಿಟರಿನ ಪಿಸಿಯಲ್ಲಿ ಪರದೆಯನ್ನೇ ಉಳಿಸುವುದು. ಪರದೆಯ ಮೇಲೆ ಕಾಣುವುದೆಲ್ಲ ಬಿ800 ಎಂಬ ಸೆಗ್ಮೆಂಟಿನಲ್ಲಿ ಕೂತಿರುತ್ತದೆ: 25 ಸಾಲು, ಸಾಲಿಗೆ 80 ಅಕ್ಷರ, ಪ್ರತಿ ಅಕ್ಷರದ ಬೆನ್ನಿಗೆ ಅದರ ಬಣ್ಣ ಹೇಳುವ ಇನ್ನೊಂದು ಬೈಟು. ಒಟ್ಟು 4,000, ಹದಿನಾರರ ಎಣಿಕೆಯಲ್ಲಿ ಎಫ್‌ಎ0. ಅದೇ ಕ್ರಮ, ಅದೇ ಸಾವಧಾನ. ಹೊಸ ಹೆಸರು ಕೊಟ್ಟು, ಸಿಎಕ್ಸ್‌ನಲ್ಲಿ ಅಳತೆ ತುಂಬಿ, ಡಬ್ಲ್ಯುವಿನ ಮುಂದೆ ಬಿ800:0 ಎಂದು ವಿಳಾಸ ಸೇರಿಸಿದರೆ ಸಾಕು.

ಆಮೇಲೆ ಎಲ್ ಒತ್ತಿ ಆ ಫೈಲನ್ನು ವಾಪಸು ಕರೆದು, ಡಿ ಒತ್ತುತ್ತ ಒತ್ತುತ್ತ ನಿಧಾನವಾಗಿ ಕೆಳಗಿಳಿಯಿರಿ. ಪರದೆಯ ಒಂದು ಸಾಲು ಇಲ್ಲಿ ಹತ್ತು ಸಾಲುಗಳಾಗಿ ಬಿಚ್ಚಿಕೊಂಡಿರುತ್ತದೆ. ಖಾಲಿ ಜಾಗವೂ ಖಾಲಿಯಲ್ಲ, 20 07, 20 07 ಎಂದು ತಾಳ ಹಾಕುತ್ತ ಸಾಗುತ್ತದೆ. 20 ಅಂದರೆ ಖಾಲಿ ಅಕ್ಷರ, 07 ಅಂದರೆ ಕಪ್ಪಿನ ಮೇಲಿನ ಆ ತಿಳಿ ಬೂದು ಬಣ್ಣ. ಬಹುಪಾಲು ಇಳಿದ ಮೇಲೆ ಆ ಹೊತ್ತಿನಲ್ಲಿ ಟೈಪ್ ಮಾಡಿದ ಆಜ್ಞೆಗಳೇ ಒಂದೊಂದಾಗಿ ಎದುರಾಗತೊಡಗುತ್ತವೆ. ಅವುಗಳ ಕೊನೆಯಲ್ಲಿ, ಅಡ್ಡಗೆರೆಯ ಮಗ್ಗುಲಲ್ಲೇ, 77 07. ಬಲಬದಿಯಲ್ಲಿ ಅದರ ನೇರಕ್ಕೆ ಸಣ್ಣದೊಂದು ಡಬ್ಲ್ಯು ಮತ್ತು ಒಂದು ಚುಕ್ಕೆ.