ಗಾಳಿ ಹಿಡಿಯುವುದು ಅಂಚನ್ನು

2024ರ ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಚಂಡಮಾರುತ ಫ್ಲಾರಿಡಾದ ಪಶ್ಚಿಮ ಕರಾವಳಿಗೆ ಅಪ್ಪಳಿಸಿದಾಗ ಸೇಂಟ್ ಪೀಟರ್ಸ್‌ಬರ್ಗ್ ನಗರದ ಟ್ರಾಪಿಕಾನಾ ಫೀಲ್ಡ್ ಕ್ರೀಡಾಂಗಣದ ಚಾವಣಿ ಹರಿದು ಚಿಂದಿಯಾಯಿತು. ಪರಿಹಾರ ಕೆಲಸಕ್ಕೆ ಬಂದವರು ತಂಗಲೆಂದು ಅದೇ ಚಾವಣಿಯ ಕೆಳಗೆ ಸಾಲುಸಾಲಾಗಿ ಮಂಚ ಹಾಕಿಟ್ಟಿದ್ದರು. ಗಾಳಿ ಬರುವ ಮೊದಲೇ ಅವರನ್ನು ಬೇರೆಡೆಗೆ ಕಳುಹಿಸಿದ್ದು ಪುಣ್ಯ. ಟೆಫ್ಲಾನ್ ಲೇಪಿಸಿದ ಫೈಬರ್‌ಗ್ಲಾಸ್ ಬಟ್ಟೆಯ ಆ ಗುಮ್ಮಟ ಗಂಟೆಗೆ 185 ಕಿ.ಮೀ. ಗಾಳಿಯನ್ನು ತಾಳುತ್ತದೆ ಎಂದು ಲೆಕ್ಕ ಹಾಕಿದ್ದರು. ಆ ರಾತ್ರಿ ನಗರದಲ್ಲಿ ದಾಖಲಾದ ಬಿರುಗಾಳಿಯ ವೇಗ ಸುಮಾರು 160 ಕಿ.ಮೀ. ಕ್ರೀಡಾಂಗಣ ಬಾಗಿಲು ತೆರೆದದ್ದು 1990ರಲ್ಲಿ. ಚಾವಣಿ ಹೊಸದಾಗಿದ್ದಾಗ ಬರೆದ ಸಂಖ್ಯೆಯನ್ನು ಮೂರು ದಶಕಗಳ ನಂತರವೂ ನೆಚ್ಚಿಕೊಂಡು ಕೂರಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಗುಮ್ಮಟವಾದ್ದರಿಂದ ಇದು ಜಗತ್ತಿಗೆಲ್ಲ ಸುದ್ದಿಯಾಯಿತು. ಅಂಗಡಿ, ಗೋದಾಮು, ಆಸ್ಪತ್ರೆ, ಶಾಲೆಗಳ ಚಪ್ಪಟೆ ಚಾವಣಿಗಳು ಹಾರಿಹೋದರೆ ಯಾರೂ ಚಿತ್ರ ತೆಗೆಯುವುದಿಲ್ಲ. ಅವುಗಳಿಗಾಗಿ ಪ್ರತಿವರ್ಷ ನಡೆಯುವ ಸಿದ್ಧತೆಯ ಪದ್ಧತಿಯನ್ನೇ ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ.

ಅಟ್ಲಾಂಟಿಕ್ ಚಂಡಮಾರುತಗಳ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಮೇ ತಿಂಗಳು ಬಂತೆಂದರೆ ಕಟ್ಟಡದ ಮಾಲೀಕರು ಗುತ್ತಿಗೆದಾರರನ್ನು ಕರೆಸುತ್ತಾರೆ. ಅವರು ಮೇಲೆ ಹತ್ತಿ, ನೀರು ಹೋಗುವ ಡ್ರೈನ್‌ಗಳಲ್ಲಿ ಸೇರಿದ ಎಲೆ ಕಸ ತೆಗೆಯುತ್ತಾರೆ, ಬಿರುಕಿಗೆ ಸೀಲಂಟ್ ತುಂಬುತ್ತಾರೆ, ಬಿಟ್ಟುಹೋದ ಹಲಗೆ ಡಬ್ಬಗಳನ್ನು ಇಳಿಸುತ್ತಾರೆ, ಫೋಟೋ ಸಮೇತ ವರದಿ ಕೊಡುತ್ತಾರೆ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಂದು ಚದರ ಮೀಟರಿನ ಮೇಲೆ 10 ಸೆಂ.ಮೀ. ನೀರು ನಿಂತರೆ ಅದರ ತೂಕ 100 ಕಿಲೋ. ಮಿಲ್ಟನ್ ಬಂದಾಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸುರಿದದ್ದು 45 ಸೆಂ.ಮೀ.ಗೂ ಹೆಚ್ಚು ಮಳೆ. ಕಟ್ಟಿಕೊಂಡ ಒಂದು ಡ್ರೈನ್ ಇಡೀ ಚಾವಣಿಯನ್ನು ಕುಸಿಯುವಂತೆ ಮಾಡಬಲ್ಲದು. ನೀರಿನ ವಿಷಯದಲ್ಲಿ ಈ ಪದ್ಧತಿ ತನ್ನ ಕೆಲಸವನ್ನು ಬಲ್ಲದು.

ಗಾಳಿಯ ವಿಷಯದಲ್ಲಿ ಹಾಗೆ ಹೇಳಲಾರೆ.

ಅಮೆರಿಕದ ಈ ಚಾವಣಿಗಳು ನಮ್ಮೂರಿನ ಆರ್‌ಸಿಸಿ ತಾರಸಿಯ ಜಾತಿಯವಲ್ಲ. ಕೆಳಗೆ ತೆಳುವಾದ ಉಕ್ಕಿನ ಡೆಕ್, ಅದರ ಮೇಲೆ ಶಾಖ ತಡೆಯುವ ಫೋಮ್ ಹಲಗೆ, ಎಲ್ಲಕ್ಕಿಂತ ಮೇಲೆ ಒಂದೆರಡು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಅಥವಾ ರಬ್ಬರ್ ಮೆಂಬ್ರೇನ್. ಇವೆಲ್ಲ ನಿಂತಿರುವುದು ಸ್ಕ್ರೂ ಮತ್ತು ಅಂಟಿನ ಬಲದ ಮೇಲೆ. ಗೋಡೆಗೆ ಬಡಿದ ಗಾಳಿ ಮೇಲಕ್ಕೇರಿ ಅಂಚಿನಲ್ಲಿ ಸಿಡಿದು ಸುಳಿಯಾಗುತ್ತದೆ, ಆ ಸುಳಿ ಚಾವಣಿಯನ್ನು ಮೇಲಕ್ಕೆ ಹೀರುತ್ತದೆ. ಈ ಸೆಳೆತ ನಡುಭಾಗಕ್ಕಿಂತ ಅಂಚಿನಲ್ಲಿ ಹೆಚ್ಚು, ಮೂಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಅಂಚಿನ ತಗಡಿನ ಪಟ್ಟಿ ಒಂದು ಕಡೆ ಬಿಚ್ಚಿಕೊಂಡರೆ ಸಾಕು, ಗಾಳಿ ಅಡಿಗೆ ನುಗ್ಗಿ ಮೆಂಬ್ರೇನನ್ನು ಚಾಪೆ ಸುತ್ತಿದ ಹಾಗೆ ಸುತ್ತಿಹಾಕುತ್ತದೆ. ಚಂಡಮಾರುತದ ನಂತರ ಚಾವಣಿಗಳನ್ನು ಪರೀಕ್ಷಿಸಿದವರು ಮತ್ತೆ ಮತ್ತೆ ಕಂಡದ್ದು ಇದನ್ನೇ: ಹರಿಯುವುದು ಅಂಚಿನಿಂದ ಶುರುವಾಗುತ್ತದೆ. ಹಾಗಿದ್ದರೂ ಮೇ ತಿಂಗಳ ವರದಿಯ ಬಹುಪಾಲು ಫೋಟೋಗಳು ನಡುಚಾವಣಿಯವು. ಅಂಚುಪಟ್ಟಿ ನೆಟ್ಟಗೆ ಕಂಡರೆ ‘ಸರಿಯಿದೆ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಪಟ್ಟಿಯನ್ನು ಹಿಡಿದಿರುವ ಮೊಳೆ ತುಕ್ಕು ತಿಂದಿದೆಯೇ, ಅದು ಕೂತಿರುವ ಮರ ಕೊಳೆತಿದೆಯೇ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಕೈಯಿಂದ ಎಳೆದು ನೋಡಬೇಕು.

ಕಾಗದಪತ್ರವೂ ಇಲ್ಲಿ ದಾರಿ ತಪ್ಪಿಸುತ್ತದೆ. ಚಾವಣಿಗೆ ‘1-90’ ದರ್ಜೆ ಇದೆ ಎಂದು ಹೇಳಿಕೊಳ್ಳುವ ಮಾಲೀಕರಲ್ಲಿ ಕೆಲವರು 90 ಎಂದರೆ ಗಾಳಿಯ ವೇಗ ಎಂದೇ ನಂಬಿರುತ್ತಾರೆ. ಅದು ಪರೀಕ್ಷೆಯಲ್ಲಿ ಪ್ರತಿ ಚದರಡಿಗೆ 90 ಪೌಂಡ್ ಸೆಳೆತವನ್ನು ತಾಳಿದ ದಾಖಲೆ. ಸುರಕ್ಷತೆಗಾಗಿ ವಿನ್ಯಾಸದಲ್ಲಿ ನೆಚ್ಚಬೇಕಾದದ್ದು ಅದರ ಅರ್ಧವನ್ನು ಮಾತ್ರ. ಅಂಚುಪಟ್ಟಿಯ ಪರೀಕ್ಷೆಯೇ ಬೇರೆ, ಅದರ ಮಾನದಂಡವೂ ಬೇರೆ.

ಚಾವಣಿಯ ಮೇಲೆ ಕೂರಿಸಿದ ಎಸಿ ಘಟಕಗಳದ್ದೂ ಇದೇ ಪಾಡು. ನಾಲ್ಕು ಸ್ಕ್ರೂಗಳ ಮೇಲೆ ಕೂತ ಘಟಕ ಉರುಳಿದರೆ ಅದರ ಜಾಗದಲ್ಲಿ ಬಾಯಿ ತೆರೆದ ತೂತು ಉಳಿಯುತ್ತದೆ, ಉರುಳುವ ದಾರಿಯಲ್ಲಿ ಅದರ ಚೂಪು ಮೂಲೆ ಮೆಂಬ್ರೇನನ್ನು ಸೀಳುತ್ತದೆ. ಚಾವಣಿಯ ಮೇಲೆ ಹರಡಿದ ಜಲ್ಲಿಯ ಅಪಾಯ 1983ರಲ್ಲೇ ಗೊತ್ತಾಗಿತ್ತು: ಅಲೀಶಿಯಾ ಚಂಡಮಾರುತ ಬಂದಾಗ ಹಾರಿದ ಜಲ್ಲಿ ಹ್ಯೂಸ್ಟನ್ನಿನ ಎತ್ತರದ ಕಟ್ಟಡಗಳ ಗಾಜು ಒಡೆದಿತ್ತು.

ಫ್ಲಾರಿಡಾ ಏನೂ ಕಲಿತಿಲ್ಲ ಎಂದರೆ ಅನ್ಯಾಯವಾದೀತು. 1992ರ ಆಗಸ್ಟ್ 24ರಂದು ಆಂಡ್ರ್ಯೂ ಚಂಡಮಾರುತ ದಕ್ಷಿಣ ಡೇಡ್ ಪ್ರದೇಶವನ್ನು ನೆಲಸಮ ಮಾಡಿದ ಮೇಲೆ, ಮೊಳೆಯ ಬದಲು ಸ್ಟೇಪಲ್ ಹೊಡೆದು ಮುಗಿಸಿದ್ದ ಚಾವಣಿ ಹಲಗೆಗಳ ಗುಟ್ಟು ಬಯಲಾಯಿತು. 2002ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ ಜಾರಿಗೆ ಬಂತು. ಮಯಾಮಿ-ಡೇಡ್ ಮತ್ತು ಬ್ರೋವರ್ಡ್ ಕೌಂಟಿಗಳಲ್ಲಿ ಅತಿವೇಗದ ಗಾಳಿವಲಯದ ಕಟ್ಟುನಿಟ್ಟಾದ ನಿಯಮಗಳಿವೆ. ಇದು ನಿಜಕ್ಕೂ ದೊಡ್ಡ ಸಾಧನೆ, ಬೇರೆ ಕರಾವಳಿಗಳು ಅದನ್ನು ನೋಡಿ ಕಲಿಯಬೇಕು. ಆದರೆ ಸಂಹಿತೆ ಚಾವಣಿಯನ್ನು ಮುಟ್ಟುವುದು ಕಟ್ಟುವಾಗ ಅಥವಾ ಬದಲಿಸುವಾಗ ಮಾತ್ರ. ಹನ್ನೆರಡು ತಿಂಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ದುರಸ್ತಿಯಾದರೆ ಪೂರ್ತಿ ಚಾವಣಿಯನ್ನು ಹೊಸ ಸಂಹಿತೆಗೆ ತರಬೇಕೆಂಬ ನಿಯಮವಿತ್ತು. 2007ರ ಅಥವಾ ನಂತರದ ಸಂಹಿತೆಯಂತೆ ಕಟ್ಟಿದ ಚಾವಣಿಗಳಿಗೆ 2022ರಲ್ಲಿ ಅದನ್ನು ಸಡಿಲಿಸಿದರು. ವಿಮೆಯ ಹೊರೆ ನೋಡಿದರೆ ಆ ಸಡಿಲಿಕೆ ಅರ್ಥವಾಗುತ್ತದೆ. ಅದರಿಂದ ವಾರ್ಷಿಕ ಪರಿಶೀಲನೆಯ ಮೇಲಿನ ಭಾರ ಮಾತ್ರ ಹೆಚ್ಚಾಯಿತು. ಎರಡು ಸಂಹಿತೆಗಳ ನಡುವಿನ ವರ್ಷಗಳಲ್ಲಿ ಚಾವಣಿಯನ್ನು ಕಾಯುವವನು ಮೇ ತಿಂಗಳಲ್ಲಿ ಏಣಿ ಹತ್ತುವ ಆ ಕೆಲಸಗಾರನೊಬ್ಬನೇ.

ಅವನಿಗೆ ನಾವು ಕೊಡುವುದು ಏನು? ಅರ್ಧ ದಿನ, ಒಂದು ಪಟ್ಟಿ, ಒಂದು ಫೋನು. ಪರಿಶೀಲನೆಯ ಒಪ್ಪಂದದಲ್ಲಿ ಅಂಚಿಗೆ ಪ್ರತ್ಯೇಕ ಸಮಯ, ಪ್ರತ್ಯೇಕ ಹಣ ಇರಬೇಕು. ಪ್ರತಿ ಮೂಲೆಯಲ್ಲೂ ಪಟ್ಟಿಯನ್ನು ಎಳೆದು ನೋಡಿದ ಫಲಿತಾಂಶ ವರದಿಯ ಮೊದಲ ಪುಟದಲ್ಲಿ ಬರಬೇಕು. ಫೋಮ್ ಎಲ್ಲಿ ಒದ್ದೆಯಾಗಿದೆ ಎಂದು ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡಬೇಕು, ಏಕೆಂದರೆ ಸ್ಕ್ರೂ ತುಕ್ಕು ಹಿಡಿಯುವುದು ಅಲ್ಲೇ. ಇದೆಲ್ಲ ನಡೆಯಬೇಕಾದದ್ದು ಡಿಸೆಂಬರ್‌ನಲ್ಲಿ, ಋತು ಮುಗಿದ ಬೆನ್ನಿಗೆ. ಮೇ ತಿಂಗಳಲ್ಲಿ ದೋಷ ಸಿಕ್ಕರೆ ಸಾಮಗ್ರಿ ತರಿಸಿ, ಪರವಾನಗಿ ಪಡೆದು, ಆಳು ಹೊಂದಿಸುವಷ್ಟರಲ್ಲಿ ಆಗಸ್ಟ್ ಬಂದಿರುತ್ತದೆ.